ಮಾಸ್ತರರ ಪೆಟ್ಟಿಗೆಯಲ್ಲಿ ಮೂರು ಅನ್ನ

ಮುಂಬಯಿಯ ಮೇ ತಿಂಗಳಲ್ಲಿ ಸ್ವೆಟರ್ ಹಿಡಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದವಳು ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ನಾನೊಬ್ಬಳೇ. ಲೋಕಲ್‌ನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಹೆಂಗಸರು ನನ್ನ ಕೈಲಿದ್ದ ಉಣ್ಣೆಯ ಗಂಟನ್ನು ನೋಡಿ, ಪಾಪ ಈ ಹುಡುಗಿಗೆ ಏನೋ ಆಗಿದೆ ಎಂಬಂತೆ ಸ್ವಲ್ಪ ಜರುಗಿ ಜಾಗ ಕೊಡುತ್ತಿದ್ದರು. ನನಗೇನೂ ಆಗಿರಲಿಲ್ಲ. ನಮ್ಮ ಆಫೀಸಿನ ಕಂಪ್ಯೂಟರಿಗೆ ಚಳಿ ಬೇಕಿತ್ತು, ಅಷ್ಟೆ. ಒಂದು ಇಡೀ ಹಾಲಿನ ಉದ್ದಕ್ಕೂ ನಿಂತಿದ್ದ ಆ ಯಂತ್ರಕ್ಕೆ ಏರ್‌ಕಂಡೀಷನ್ ಹಾಕಿಸಿದ್ದರು. ಅದಕ್ಕೆ ಹಿತವಾದ ಹವೆಯಲ್ಲಿ ನಾವು ನಡುಗುತ್ತಿದ್ದೆವು. ನಮ್ಮಜ್ಜಿಯಂತೂ ಕೆಳಮನೆಯವರಿಗೆ "ಮೊಮ್ಮಗಳು ಐಸ್ ಫ್ಯಾಕ್ಟರಿಯಲ್ಲಿದಾಳೆ" ಎಂದು ಹೇಳಿಬಿಟ್ಟಿದ್ದರು. ತಿದ್ದಲು ಹೋದರೆ ಇನ್ನೂ ಉದ್ದದ ಕಥೆಯಾಗುತ್ತದೆಂದು ನಾನೂ ಸುಮ್ಮನಿದ್ದೆ.

ಎಪ್ಪತ್ತರ ದಶಕದ ನಡುಮಧ್ಯದ ಮಾತು. ಆ ಹಾಲಿನಲ್ಲಿ ಕನ್ನಡದವರು ನಾವು ಮೂವರು. ನಾನು ಮುಂಬಯಿಯಲ್ಲೇ ಹುಟ್ಟಿದವಳು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ-ಮರಾಠಿ. ಕನ್ನಡವೇನಿದ್ದರೂ ಮೈಸೂರು ಸೀಮೆಯಿಂದ ಬಂದ ಅಜ್ಜಿ-ತಾತ ಊಟದ ಹೊತ್ತಿಗೆ ಬಡಿಸಿದ್ದು. ಇನ್ನೊಬ್ಬರು ಯಂತ್ರದ ಗುಂಡಿಗಳನ್ನು ಒತ್ತುತ್ತಿದ್ದ ಆಪರೇಟರ್, ಉಡುಪಿ ಕಡೆಯವರು. ಮೂರನೆಯವರು ನಮ್ಮ ಮಾಸ್ತರರು.

ಮಾಸ್ತರರು ಧಾರವಾಡದ ಹತ್ತಿರದ ಊರಿನಲ್ಲಿ ಲೆಕ್ಕದ ಮೇಷ್ಟರಾಗಿದ್ದವರು. ಯಾರದೋ ಮಾತು ಕೇಳಿ ಮುಂಬಯಿಗೆ ಬಂದು, ಯಂತ್ರ ಓದುವ ಕಾರ್ಡುಗಳಿಗೆ ತೂತು ಹೊಡೆಯುವ ಪಂಚ್ ರೂಮಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಂದ ಹೇಗೋ ಈ ಚಳಿಯ ಹಾಲಿನೊಳಕ್ಕೆ ನುಸುಳಿದ್ದರು. ಯಂತ್ರ ಮಾಡಿದ ಪರದೇಶದ ಕಂಪನಿ ಅದರ ಜೊತೆಗೊಂದು ಮೇಸ್ತ್ರಿ ಪ್ರೋಗ್ರಾಂ ಕಳಿಸಿತ್ತು. ಯಾರ ಕೆಲಸ ಮೊದಲು, ಮಾಹಿತಿ ಬರೆದಿಡುವ ಯಾವ ಟೇಪು ಯಾರಿಗೆ, ಪ್ರಿಂಟರ್ ಯಾರ ಕೈಗೆ ಎಂದು ನೋಡಿಕೊಳ್ಳುವಂಥದ್ದು. ಇವತ್ತಿನವರು ಅದನ್ನು ಕರ್ನಲ್ ಎನ್ನುತ್ತಾರೆ, ನಾವು ಮಾನಿಟರ್ ಎನ್ನುತ್ತಿದ್ದೆವು. ಆದರೆ ಆ ಪರದೇಶಿ ಮಾನಿಟರ್ ನಮ್ಮ ಯಂತ್ರದ ಪುಟ್ಟ ಮೆಮೊರಿಯಲ್ಲಿ ಕಾಲು ಚಾಚಿ ಮಲಗಿಬಿಟ್ಟರೆ ಉಳಿದವರಿಗೆ ಕೂರಲೂ ಜಾಗವಿರುತ್ತಿರಲಿಲ್ಲ. ಮಾಸ್ತರರು ವರ್ಷಗಟ್ಟಲೆ ಕೂತು, ಜಾಗ ಕಡಿಮೆ ಹಿಡಿಯುವ ತಮ್ಮದೇ ಮಾನಿಟರ್ ಬರೆದಿದ್ದರು. ಇಡೀ ಆಫೀಸು ಅದರ ಮೇಲೆ ನಡೆಯುತ್ತಿತ್ತು.

ಆ ಮಾನಿಟರಿನ ಜೀವವಿದ್ದದ್ದು ಒಂದು ಉದ್ದನೆಯ ತಗಡಿನ ಪೆಟ್ಟಿಗೆಯಲ್ಲಿ. ಅದರಲ್ಲಿ ಮ್ಯಾಕ್ರೋಗಳ ಕಾರ್ಡುಗಳಿದ್ದವು. ಮಾನಿಟರಿನ ಯಾವ ಭಾಗವನ್ನು ಯಂತ್ರಕ್ಕೆ ಓದಿಸಬೇಕಾದರೂ ಮೊದಲು ಈ ಪೆಟ್ಟಿಗೆಯನ್ನು ಓದಿಸಬೇಕು. ಹೆಡರ್ ಎಂದು ಅದಕ್ಕೆ ಹೆಸರು. ಮ್ಯಾಕ್ರೋ ಎಂದರೆ ಹೆದರಬೇಕಾದ್ದೇನಿಲ್ಲ. ನಮ್ಮಮ್ಮ "ಸಾರಿಗಿಡೇ" ಎಂದಷ್ಟೇ ಹೇಳಿ ಸ್ನಾನಕ್ಕೆ ಹೋಗುತ್ತಿದ್ದರು. ಬೇಳೆ ತೊಳಿ, ಬೇಯಲಿಡು, ಹುಣಸೆಹಣ್ಣು ನೆನೆಸು, ಪುಡಿ ಹಾಕು, ಒಗ್ಗರಣೆ ಕೊಡು ಎಂದು ಅವರು ಬಿಡಿಸಿ ಹೇಳಿದ್ದು ಜೀವಮಾನದಲ್ಲಿ ಒಂದೇ ಸಲ. ಆಮೇಲೆ ಹೆಸರೊಂದೇ ಸಾಕು. ಮ್ಯಾಕ್ರೋನೂ ಹಾಗೆಯೇ. ಹತ್ತಾರು ಸಾಲಿನ ಕೆಲಸಕ್ಕೆ ಒಂದು ಹೆಸರು ಕೊಟ್ಟು ಬರೆದಿಟ್ಟರೆ, ಮುಂದೆ ಆ ಹೆಸರು ಕಂಡಲ್ಲೆಲ್ಲ ಯಂತ್ರ ಆ ಸಾಲುಗಳನ್ನು ತಾನೇ ತುಂಬಿಕೊಳ್ಳುತ್ತದೆ. ಷರತ್ತು ಒಂದೇ. ಹೆಸರಿನ ಅರ್ಥವನ್ನು ಮೊದಲು ಹೇಳಿರಬೇಕು, ಆಮೇಲೆ ಬಳಸಬೇಕು.

ಬೇರೆಯವರು ತಮ್ಮ ಮ್ಯಾಕ್ರೋಗಳಿಗೆ ಅದೇನೋ ಇಂಗ್ಲಿಷ್ ಹೆಸರಿಡುತ್ತಿದ್ದರು. ಮಾಸ್ತರರು ಮಾತ್ರ ಉಪ್ಪು, ಚಟ್ನಿ, ಕೋಸಂಬರಿ, ಪಲ್ಯ, ತೊವ್ವೆ, ತುಪ್ಪ, ಹೋಳಿಗೆ, ಸಾರು, ಹುಳಿ, ಮಜ್ಜಿಗೆ ಎಂದಿಟ್ಟಿದ್ದರು. ರೋಮನ್ ಅಕ್ಷರದಲ್ಲಿ, ಆರಕ್ಕಿಂತ ಹೆಚ್ಚು ಅಕ್ಷರವಿಲ್ಲದಂತೆ. ಹಾಗಾಗಿ ಕೋಸಂಬರಿ, ಮಜ್ಜಿಗೆಗಳು ಒಂದೆರಡು ಸ್ವರ ಕಳೆದುಕೊಂಡು ಸೊರಗಿದ್ದವು. ನಾನು ಸೇರಿದ ಹೊಸದರಲ್ಲಿ ಪೆಟ್ಟಿಗೆ ತೆರೆದವಳು ಬಿದ್ದು ಬಿದ್ದು ನಕ್ಕಿದ್ದೆ.

"ನಗ್ತೀಯೇನ ತಂಗಿ," ಎಂದಿದ್ದರು ಮಾಸ್ತರರು, ತಾವೂ ನಗುತ್ತ. "ಇದನ್ನ ಬರೀಲಿಕ್ಕೆ ಶುರು ಮಾಡಿದಾಗ ನಾ ಜೋಗೇಶ್ವರಿಯೊಳಗ ಒಂದ ಖೋಲಿಯೊಳಗಿದ್ದೆ. ಲಗ್ನ ಆಗಿದ್ದಿಲ್ಲ. ಎರಡೂ ಹೊತ್ತು ಖಾನಾವಳಿ ಊಟ. ಆ ತಿಳಿಸಾರು ಕುಡದು ಕುಡದು, ಕಾಗದದ ಮ್ಯಾಲೆ ಹೆಸರು ಬರೀಬೇಕಂದ್ರ ಮನೀ ಪಂಕ್ತೀನ ನೆಪ್ಪಾಗೂದು. ಒಂದರ ಮ್ಯಾಲೊಂದು ಬಡಿಸಿಕೋತ ಹೋದೆ."

ಬರಿಯ ಹೆಸರಲ್ಲ, ಕ್ರಮವೂ ಎಲೆಯದೇ. ಪ್ರತಿಯೊಂದು ಮ್ಯಾಕ್ರೋದ ಕಾರ್ಡುಗಳನ್ನು ಒಂದೊಂದು ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ, ಎಲೆಗೆ ಯಾವುದು ಮೊದಲು ಬೀಳುತ್ತದೋ ಅದು ಮುಂದೆ ಬರುವಂತೆ ಜೋಡಿಸಿದ್ದರು. ಹಾಗಾಗಿಯೇ ಅನ್ನ ಎಂಬ ಹೆಸರಿನ ಕಟ್ಟು ಮಾತ್ರ ಮೂರಿದ್ದವು. ಒಂದೇ ಹೆಸರಿಗೆ ಮತ್ತೆ ಅರ್ಥ ಹೇಳಿದರೆ ಯಂತ್ರ ಅಲ್ಲಿಂದ ಮುಂದಕ್ಕೆ ಹೊಸ ಅರ್ಥವನ್ನೇ ಹಿಡಿಯುತ್ತಿತ್ತು. ತೊವ್ವೆ ಓದುವಾಗ ಚಾಲ್ತಿಯಲ್ಲಿರಬೇಕಾದ ಅನ್ನ ಒಂದು, ಸಾರಿನ ಹೊತ್ತಿಗೆ ಇನ್ನೊಂದು, ಮಜ್ಜಿಗೆಗೆ ಮತ್ತೊಂದು. "ಮೂರು ಅನ್ನ ಯಾಕೆ ಮಾಸ್ತರೇ?" ಎಂದರೆ, "ನೀ ಏನು ಎಲ್ಲಾದಕ್ಕೂ ಸೇರಿಸಿ ಒಮ್ಮೆ ಅನ್ನ ಹಾಕಿಸ್ಕೋತೀಯೇನು?" ಎಂದು ನನ್ನನ್ನೇ ಕೇಳಿದರು.

ಕಾರ್ಡುಗಳು ಬಿದ್ದು ಚೆಲ್ಲಾಪಿಲ್ಲಿಯಾದರೆ ಮತ್ತೆ ಜೋಡಿಸಲು ಎಲ್ಲರೂ ಅವುಗಳ ಮೇಲೆ ನಂಬರು ಹಾಕುತ್ತಿದ್ದರು, ಇಲ್ಲವೇ ಕಟ್ಟಿನ ನೆತ್ತಿಯ ಮೇಲೆ ಓರೆಯಾಗಿ ಒಂದು ಗೆರೆ ಎಳೆಯುತ್ತಿದ್ದರು. ಮಾಸ್ತರರು ನಂಬರಿನ ಗೋಜಿಗೆ ಹೋದವರಲ್ಲ. ನಡುವೆ ಹೊಸ ಕಾರ್ಡು ತೂರಿಸಬೇಕಾದಾಗ ನಂಬರು ಅಡ್ಡ ಬರುತ್ತದೆ ಎನ್ನುತ್ತಿದ್ದರು. ಗೆರೆ ಎಳೆದಿದ್ದರು, ಆದರೆ ಪ್ರತಿ ತಿದ್ದುಪಡಿಗೂ ಒಂದೊಂದು ಎಳೆದು ಆ ಪೆಟ್ಟಿಗೆಯ ನೆತ್ತಿ ಹುಲಿವೇಷದವನ ಬೆನ್ನಿನಂತಾಗಿತ್ತು. ಅದನ್ನು ನೋಡಿ ಯಾವ ಕ್ರಮವನ್ನೂ ಹೇಳುವಂತಿರಲಿಲ್ಲ.

ಇಂತಿರುವಾಗ ನಮಗೆ ಹೊಸ ಮ್ಯಾನೇಜರ್ ಬಂದರು. ಗುಜರಾತಿ ಸಾಹೇಬರು, ಬಹಳ ಸಾಧು ಮನುಷ್ಯ. ನನ್ನನ್ನು 'ಬೇನ್' ಎಂದು ತಂಗಿಯಂತೆ ಕರೆಯುತ್ತಿದ್ದರು. ಅಚ್ಚುಕಟ್ಟು ಅವರ ದೌರ್ಬಲ್ಯ. ಅವರ ಮೇಜಿನ ಮೇಲೆ ಪೆನ್ಸಿಲ್ಲುಗಳು ಎತ್ತರದ ಪ್ರಕಾರ ಮಲಗಿರುತ್ತಿದ್ದವು. ಅವರು ಬಂದ ಹಿಂದೆಯೇ ಹೊಸ ಟೇಪ್ ಯಂತ್ರಗಳೂ ಬಂದವು. ದೆಹಲಿಯಿಂದ ದೊಡ್ಡ ಅಧಿಕಾರಿಗಳು ಬಂದು ನೋಡುತ್ತಾರೆಂದು ದಿನವೂ ಗೊತ್ತಾಯಿತು, ಮಂಗಳವಾರ. ಮೇಲಿನಿಂದ ಹುಕುಂ ಸ್ಪಷ್ಟವಾಗಿತ್ತು. ಅಂದು ಹೊಸ ಟೇಪುಗಳು ಮಾಸ್ತರರ ಮಾನಿಟರಿನ ಕೈಕೆಳಗೆ ತಿರುಗಿದರೆ ಸರಿ. ತಿರುಗದಿದ್ದರೆ ದುಡ್ಡು ಕೊಟ್ಟು ಮೆಮೊರಿ ಹೆಚ್ಚಿಸಿಕೊಂಡು ಪರದೇಶಿ ಮಾನಿಟರನ್ನೇ ಹಾಕುವುದು. ಮಾಸ್ತರರು ಮತ್ತೆ ಪಂಚ್ ರೂಮಿಗೆ.

ಮಾಸ್ತರರು ಹೆದರಲಿಲ್ಲ. ಹೊಸ ಟೇಪಿಗೆ ಬೇಕಾದ ಮ್ಯಾಕ್ರೋ ಬರೆದು, ಕಾರ್ಡು ಹೊಡೆಸಿ, ಕಟ್ಟು ಮಾಡಿ ನನ್ನ ಕೈಗಿಟ್ಟರು. ಅದರ ಹೆಸರು ಹಪ್ಪಳ.

"ಮೊದಲನೇ ಅನ್ನಕ್ಕಿಂತ ಮುಂಚೆ ಹಪ್ಪಳ ಇಡು ತಂಗಿ. ಒಮ್ಮೆ ಓದಿಸು. ಅಷ್ಟ ಕೆಲಸ," ಎಂದರು. "ನಾ ತಮ್ಮಗ ಹೆಣ್ಣು ನೋಡ್ಲಿಕ್ಕೆ ಹೊಂಟೇನಿ. ಅಪ್ಪನ ಕರಕೊಂಡು ಊರೂರು ಅಡ್ಡಾಡೂದದ. ಮಂಗಳವಾರ ಮುಂಜಾನೆ ಗಾಡಿ ಇಳದಾಂವ ಸೀದಾ ಇಲ್ಲೇ ಬರ್ತೀನಿ."

ಹೀಗೆ ಹೇಳಿ ಹೋದರು. ಶುಕ್ರವಾರ ನಾನು ಹಪ್ಪಳ ಹಿಡಿದುಕೊಂಡು ಪೆಟ್ಟಿಗೆ ತೆರೆದರೆ ಅದು ಫಳಫಳ ಹೊಳೆಯುತ್ತಿತ್ತು. ತಗಡಿಗೆ ಎಣ್ಣೆ ಹಚ್ಚಿ ಒರೆಸಿದ್ದರು. ಎಲ್ಲ ಕಟ್ಟುಗಳಿಗೂ ಒಂದೇ ಬಣ್ಣದ ಹೊಸ ರಬ್ಬರ್ ಬ್ಯಾಂಡ್. ಪ್ರತಿಯೊಂದರ ಮೇಲೂ ಮುದ್ದಾದ ಚೀಟಿ. ಎಲ್ಲಕ್ಕೂ ಮುಂದೆ ಅನ್ನ, ಅದರ ಹಿಂದೆ ಚಟ್ನಿ, ಅದರ ಹಿಂದೆ ಹೋಳಿಗೆ, ಆಮೇಲೆ ಹುಳಿ. ಇಂಗ್ಲಿಷ್ ಅಕ್ಷರಮಾಲೆಯ ಕ್ರಮ!

ಸಾಹೇಬರು ಕೈ ಉಜ್ಜಿಕೊಳ್ಳುತ್ತ ಬಂದು ನಿಂತರು. "ದೇಖೋ ಬೇನ್, ಕಿತನಾ ಕ್ಲೀನ್! ಮಾಸ್ಟರ್‌ಜಿ ಆಯೇಂಗೆ ತೋ ಖುಶ್ ಹೋ ಜಾಯೇಂಗೆ. ಔರ್ ಸುನೋ, ಅನ್ನ ತೀನ್ ತೀನ್ ಬಾರ್ ಥಾ. ದೋ ಡೂಪ್ಲಿಕೇಟ್ ನಿಕಾಲ್ ದಿಯಾ."

ನನ್ನ ಸ್ವೆಟರಿನೊಳಗೇ ನಾನು ಬೆವತೆ. "ಎಲ್ಲಿ ಸರ್ ಆ ಎರಡು ಅನ್ನ?"

ಡೂಪ್ಲಿಕೇಟ್ ಎಂದು ಚೀಟಿ ಅಂಟಿಸಿ ಅವರೇ ಡ್ರಾಯರಿನಲ್ಲಿಟ್ಟಿದ್ದರು. ಅಚ್ಚುಕಟ್ಟಿನವರು ಏನನ್ನೂ ಎಸೆಯುವುದಿಲ್ಲ, ದೇವರು ದೊಡ್ಡವನು. ಆದರೆ ಪೆಟ್ಟಿಗೆಯ ಹಳೆಯ ಪ್ರಿಂಟ್ ಇದ್ದರೆ ನೋಡಿ ಜೋಡಿಸಬಹುದಲ್ಲ ಎಂದು ಹುಡುಕಿದರೆ ಅದಿರಲಿಲ್ಲ. ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಕಾಗದದ ಗುಡ್ಡೆಯನ್ನು ಅದೇ ವಾರ ರದ್ದಿಯವನಿಗೆ ಕೊಟ್ಟಾಗಿತ್ತು. ಆಗ ಮುಂಬಯಿಯ ಯಾವುದೋ ರಸ್ತೆಯಲ್ಲಿ ಯಾರೋ ಮಾಸ್ತರರ ತೊವ್ವೆಯಲ್ಲಿ ಸುತ್ತಿದ ಶೇಂಗಾ ತಿನ್ನುತ್ತಿದ್ದಿರಬೇಕು.

ಕಾರ್ಡುಗಳನ್ನು ಒಂದೊಂದಾಗಿ ಓದಿ ಯಾವುದಕ್ಕೆ ಯಾವುದು ಬೇಕೆಂದು ಬಿಡಿಸಬಹುದಿತ್ತಲ್ಲ ಎಂದು ಈಗಿನ ಮಕ್ಕಳು ನನ್ನನ್ನು ಕೇಳುತ್ತಾರೆ. ಬಿಡಿಸಬಹುದಿತ್ತು, ವಾರಗಟ್ಟಲೆ ಸಮಯವಿದ್ದಿದ್ದರೆ. ಮಾಸ್ತರರ ಬರವಣಿಗೆ ಅವರ ಕೈಬರಹಕ್ಕಿಂತ ಕಷ್ಟ. ಯಂತ್ರಕ್ಕೇ ಕೊಟ್ಟು ಅದು ಬೈದಂತೆ ತಿದ್ದೋಣವೆಂದರೆ, ನಮಗೆ ಯಂತ್ರ ಸಿಗುತ್ತಿದ್ದದ್ದು ದಿನಕ್ಕೊಮ್ಮೆ, ಬೇರೆಯವರೆಲ್ಲ ಊಟಕ್ಕೆ ಹೋದಾಗ. ಇನ್ನೊಂದು ತೊಂದರೆ ಅದಕ್ಕಿಂತ ದೊಡ್ಡದು. ಗೊತ್ತಿಲ್ಲದ ಹೆಸರು ಬಂದರೆ ಯಂತ್ರ ಬೈಯುತ್ತದೆ. ಹೆಸರು ಗೊತ್ತಿದ್ದು, ಅನ್ನ ಮಾತ್ರ ಬೇರೆಯದಾಗಿದ್ದರೆ ಅದು ತೆಪ್ಪಗೆ ಉಂಡುಬಿಡುತ್ತದೆ. ಹೊಟ್ಟೆನೋವು ಕಾಣಿಸಿಕೊಳ್ಳುವುದು ಆಮೇಲೆ, ಅದೂ ದೆಹಲಿಯವರ ಎದುರಿಗೆ.

ಮಾಸ್ತರರನ್ನೇ ಕೇಳೋಣವೆಂದರೆ, ಊರೂರು ಅಲೆಯುತ್ತಿದ್ದವರಿಗೆ ತಂತಿ ಕೊಡಲೂ ವಿಳಾಸವಿರಲಿಲ್ಲ. ಹಾಗಾದರೆ ಉಳಿದದ್ದು ಒಂದೇ ದಾರಿ, ಎಲೆ. ಅಂದು ಸಂಜೆ ಮನೆಗೆ ಬಂದವಳೇ ಅಜ್ಜಿಯ ಮುಂದೆ ಕೂತೆ.

"ಅಜ್ಜಿ, ಎಲೆಗೆ ಮೊದಲಿಂದ ಕೊನೇವರೆಗೂ ಏನೇನು ಬಡಿಸ್ತಾರೆ, ಕ್ರಮವಾಗಿ ಹೇಳಿ."

"ಯಾರ ಮದುವೆಯೇ?"

"ಯಾರದ್ದೂ ಇಲ್ಲ. ಆಫೀಸಿಗೆ ಬೇಕು."

"ಐಸ್ ಫ್ಯಾಕ್ಟರೀಲಿ ಊಟ ಹಾಕ್ತಾರೇನು? ಇಷ್ಟು ದಿನ ಎಲೆ ಮುಂದೆ ಕೂತು ಉಂಡೆಯಲ್ಲ, ನೋಡ್ಲಿಲ್ಲವೇ?" ಎಂದು ಗದರಿದರೂ ಅಜ್ಜಿಗೆ ಖುಷಿಯಾಗಿತ್ತು. ನಾನು ಹೊಟ್ಟೆಗೆ ಮಾತ್ರ ಕಣ್ಣಿದ್ದವಳು, ಕ್ರಮ ಎಲ್ಲಿ ನೋಡಿದ್ದೆ? ಅಜ್ಜಿ ನೆಲದ ಮೇಲೆ ಬೆರಳಿನಿಂದಲೇ ಎಲೆ ಬರೆದು ಶುರು ಮಾಡಿದರು. "ಮೊದಲು ಎಲೆ ತುದಿಗೆ ಒಂದು ತೊಟ್ಟು ಪಾಯಸ."

"ಪಾಯಸ ಇಲ್ಲ ಅಜ್ಜಿ, ನಮ್ಮ ಪೆಟ್ಟಿಗೇಲಿ."

"ಪಾಯಸ ಇಲ್ಲದ ಎಲೆ ಎಂಥ ಎಲೆಯೇ! ಅದಕ್ಕೇ ಕೆಟ್ಟಿದೆ ನಿಮ್ಮ ಯಂತ್ರ," ಎಂದು ತೀರ್ಪು ಕೊಟ್ಟು ಮುಂದುವರಿಸಿದರು. ಉಪ್ಪು, ಚಟ್ನಿ, ಕೋಸಂಬರಿ, ಪಲ್ಯ, ಹಪ್ಪಳ, ಅನ್ನ, ತೊವ್ವೆ, ತುಪ್ಪ. ಮತ್ತೆ ಅನ್ನ, ಸಾರು, ಹುಳಿ. ಅದೆಲ್ಲ ಆದ ಮೇಲೆ ಹೋಳಿಗೆ. ಕೊನೆಗೆ ಅನ್ನ, ಮಜ್ಜಿಗೆ.

ಮೂರು ಅನ್ನದಲ್ಲಿ ಯಾವುದು ಯಾವಾಗಿನದೆಂದು ತಿಳಿಯದೆ, ಶನಿವಾರ ಊಟದ ಹೊತ್ತಿಗೆ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದೇ ಅನ್ನದಿಂದ ಅಜ್ಜಿಯ ಎಲೆಯನ್ನು ಯಂತ್ರಕ್ಕೆ ಬಡಿಸಿ ನೋಡಿದೆವು. ಕಾರ್ಡು ಓದುವ ಯಂತ್ರ ಉಪ್ಪಿನಿಂದ ತುಪ್ಪದವರೆಗೂ ಗರಗರ ಉಂಡಿತು. ಸಾರಿಗೆ ಬರುತ್ತಲೂ ಪ್ರಿಂಟರ್ ಸಿಡಿಮಿಡಿಗುಟ್ಟತೊಡಗಿತು. ಹೋಳಿಗೆ ಎಂದರೆ ಏನು, ಗೊತ್ತಿಲ್ಲ. ಹೋಳಿಗೆ ಎಂದರೆ ಏನು, ಗೊತ್ತಿಲ್ಲ. ಇಡೀ ಹಾಳೆಯ ತುಂಬ ಅದೇ ಮಾತು.

ಉಡುಪಿಯವರು ಪ್ರಿಂಟ್ ಹರಿದು ಓದಿ ತಲೆಯಾಡಿಸಿದರು. "ನಾನು ಹೇಳ್ಲಿಲ್ವಾ ಮಾರಾಯ್ರೆ, ನಿಮ್ಮ ಮೈಸೂರಿನವರ ಊಟ ಸರಿ ಇಲ್ಲ ಅಂತ? ನಮ್ಮಲ್ಲಿ ಸಾರು, ಹುಳಿ, ಆಮೇಲೆ ಹೋಳಿಗೆ, ಕಡೆಗೆ ಪಾಯಸ."

"ನಿಮ್ಮಲ್ಲೂ ಹೋಳಿಗೆ ಸಾರಾದ ಮೇಲೇ ಅಲ್ವಾ? ಅದೇ ತಪ್ಪಾಗುತ್ತಲ್ಲ!"

"ಹೌದಾ?" ಎಂದು ಅವರು ಪ್ರಿಂಟನ್ನು ಮತ್ತೊಮ್ಮೆ ನೋಡಿದರು. "ಆದ್ರೂ ಪಾಯಸ ಶುರುವಿಗೆ ಹಾಕುವುದು ಎಂತದು, ಅದೊಂದು ಕ್ರಮವಾ?"

ಸಾಹೇಬರು ನಮ್ಮಿಬ್ಬರ ಜಗಳ ಕೇಳಿ ಹತ್ತಿರ ಬಂದರು. ವಿಷಯ ತಿಳಿದ ಮೇಲೆ ಅವರ ಮುಖ ಸಣ್ಣಗಾಗಿತ್ತು. ತಾವು ಒಪ್ಪ ಮಾಡಿದ್ದೇ ಮಾಸ್ತರರ ಕುರ್ಚಿಗೆ ಕುತ್ತಾಯಿತೆಂದು ಶುಕ್ರವಾರದಿಂದ ಅವರು ಸರಿಯಾಗಿ ಚಹಾ ಕೂಡ ಕುಡಿದಿರಲಿಲ್ಲ. ತಮ್ಮಲ್ಲಿ ಸಿಹಿಯೇ ಮೊದಲೆಂದು ಅಳುಕುತ್ತ ಹೇಳಿದರು, "ಹಮಾರೆ ಯಹಾಂ ತೋ ಮೀಠಾ ಪೆಹಲೇ ಆತಾ ಹೈ, ಬೇನ್. ಸಬ್ ಕೇ ಸಾಥ್."

ಮೂರು ಸೀಮೆಯ ಮೂರು ಎಲೆ ನಮ್ಮ ಮುಂದೆ ಹಾಸಿದ್ದವು. ಮಾಸ್ತರರದ್ದು ಮಾತ್ರ ಇರಲಿಲ್ಲ. ಅದು ಹೊಳೆದದ್ದೇ ತಡ, ನಾನು ಮತ್ತು ಉಡುಪಿಯವರು ಒಟ್ಟಿಗೇ ಹಣೆ ಹಣೆ ಬಡಿದುಕೊಂಡೆವು. ಕನ್ನಡದ ಎಲೆ ಎಂದರೆ ಒಂದೇ ಎಂದುಕೊಂಡಿದ್ದೆವಲ್ಲ! ಅವರು ಧಾರವಾಡದವರು. ಬಡಿಸಿದ್ದು ಧಾರವಾಡದ ಎಲೆಗೆ. ಹೋಳಿಗೆಯನ್ನು ಸಾರಿನ ಮುಂದೆ ತಂದರೆ ಸಾಲದು, ಯಾವ ಅನ್ನದ ಹಿಂದೆ ಯಾವುದೆಂದು ಒಂದು ತಪ್ಪಿದರೂ ಯಂತ್ರ ಬೈಯದೆ ಉಂಡುಬಿಡುತ್ತಿತ್ತು.

ಭಾನುವಾರ ಬೆಳಿಗ್ಗೆ ದಾದರಿನಲ್ಲಿ ಗಾಡಿ ಬದಲಿಸಿ ಕಾಂದಿವಲಿಯ ಮಾಸ್ತರರ ಮನೆಗೆ ಹೋದೆ. ಹಾಳು ಕಾರ್ಡುಗಳ ಬೆನ್ನಿನ ಮೇಲೆ ಉಪ್ಪು, ತುಪ್ಪ ಎಂದು ಒಂದೊಂದೇ ಹೆಸರು ಬರೆದು ಕೈಯಲ್ಲಿ ಹಿಡಿದಿದ್ದೆ. ಮಾಸ್ತರರ ಹೆಂಡತಿ ಮಕ್ಕಳ ಪರೀಕ್ಷೆಯೆಂದು ಊರಿಗೆ ಹೋಗದೆ ಮನೆಯಲ್ಲೇ ಇದ್ದರು. ಅಣ್ಣನ ಹೆಂಡತಿಗೆ ಧಾರವಾಡದವರು ಹೇಳುವಂತೆ ನಾನು ಅವರನ್ನು ವೈನಿ ಎನ್ನುತ್ತಿದ್ದೆ.

"ಇದೇನ್ರಿ, ಹೇಳದ ಕೇಳದ! ಬರ್ರಿ ಬರ್ರಿ. ಚಹಾ ಇಡ್ತೀನಿ."

"ಚಹಾ ಆಮೇಲೆ ವೈನಿ. ನಿಮ್ಮ ಮನೇಲಿ ಎಲೆಗೆ ಯಾವುದಾದ ಮೇಲೆ ಯಾವುದು ಬಡಿಸ್ತೀರಿ? ಅದು ಬೇಕು."

ವೈನಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮ ಮನೀ ಎಲಿ ತೊಗೊಂಡು ನೀವೇನ್ ಮಾಡ್ತೀರಿ? ಯಾಕ, ನಮ್ಮ ಕಡೀ ವರ ಏನರೆ ಗೊತ್ತಾಗ್ಯಾನೇನು?"

ನಕ್ಕು, ನಡೆದದ್ದನ್ನೆಲ್ಲ ಹೇಳಿದೆ. ಪಂಚ್ ರೂಮಿನ ಮಾತು ಬಂದಾಗ ವೈನಿಯ ಮುಖದ ನಗು ಇಳಿಯಿತು. ಒಳಗೆ ಓದುತ್ತಿದ್ದ ಮಕ್ಕಳಿಗೆ ಕೇಳದಂತೆ ದನಿ ತಗ್ಗಿಸಿದರು. "ನಿಮಗ ಹೇಳಿಲ್ಲ ಅನಸ್ತದ. ಪಂಚ್ ರೂಮಿಗೆ ವಾಪಸ್ ಹಾಕಿದ್ರ ನಾ ನೌಕರಿ ಬಿಡಾವ, ಊರಾಗ ಮತ್ತ ಸಾಲಿ ಮಾಸ್ತರಕಿ ಹುಡುಕ್ತೀನಿ ಅಂತ ಕೂತಾರ. ಈ ಹುಡುಗ್ರಿಗೆ ಇಲ್ಲಿ ಸಾಲಿ ಹತ್ಯದ, ಗೆಳ್ಯಾರಾಗ್ಯಾರ. ಅದೆಲ್ಲ ಹೋಗ್ಲಿ. ಆ ಪೆಟಿಗಿ ಬಿಟ್ಟು ಅವರಿಗೆ ಹೊತ್ತು ಹೋಗೂದಿಲ್ರಿ." ಸೆರಗು ಸಿಕ್ಕಿಸಿದರು. "ಆತು, ಕೇಳ್ರಿ. ಮೊದಲ ಉಪ್ಪು. ಆಮ್ಯಾಲೆ... ಚಟ್ನಿಯೋ, ಕೋಸಂಬರಿಯೋ... ಇಲ್ರಿ, ಹಿಂಗ ಬಾಯಿಲೆ ಹೇಳ್ಲಿಕ್ಕೆ ಬರೂದಿಲ್ಲ ನನಗ. ಕೂಡ್ರಿ ನೀವು."

ನನ್ನನ್ನು ಗೋಡೆಗೆ ಒರಗಿಸಿ ಮಣೆಯ ಮೇಲೆ ಕೂರಿಸಿ, ಮುಂದೆ ಒಂದು ಖಾಲಿ ತಾಟು ಇಟ್ಟರು. ಅಡುಗೆಮನೆಗೆ ಹೋಗಿ ಖಾಲಿ ಕೈಯಲ್ಲಿ ಬಂದರು. ಬಗ್ಗಿ, ತಾಟಿನ ತುದಿಗೆ ಇಲ್ಲದ ಉಪ್ಪು ಹಾಕಿದರು. ನಾನು ಅಲ್ಲಿ ಉಪ್ಪಿನ ಕಾರ್ಡು ಇಟ್ಟೆ. ಮತ್ತೆ ಒಳಗೆ ಹೋದರು, ಬಂದರು, ಬಗ್ಗಿದರು. ಚಟ್ನಿ. ಕೋಸಂಬರಿ. ಪಲ್ಯ. ಹಪ್ಪಳ. ಅನ್ನ ಹಾಕುವಾಗ ಎರಡೂ ಕೈ ಬೇಕಾಯಿತು. ತೊವ್ವೆಗೆ ಬಲಗೈ ಸೌಟಿನಂತೆ ಬಾಗಿತು. ತುಪ್ಪಕ್ಕೆ ಎರಡು ಬೆರಳು. ಮಕ್ಕಳು ಬಾಗಿಲಲ್ಲಿ ನಿಂತು, ಅಮ್ಮನಿಗೆ ಏನಾಯಿತೆಂದು ಪುಸ್ತಕದ ಮರೆಯಿಂದ ನೋಡುತ್ತಿದ್ದವು. ಒಬ್ಬ ಹಿಂದಿಯಲ್ಲಿ "ಮಮ್ಮಿ, ಖಾನಾ ಕಿಧರ್ ಹೈ?" ಎಂದೇ ಕೇಳಿದ.

"ಸುಮ್ಮ ಕೂಡು! ಉಣ್ಣಾಕತ್ತವ್ರ ಮುಂದ ಮಾತಾಡಬಾರದು," ಎಂದು ವೈನಿ ಗದರಿದರು. ಮತ್ತೆ ಒಳಗೆ ಹೋಗಿ ಬಂದು, ಅಂಗೈಯಗಲದ ಏನನ್ನೋ ಮಡಿಸಿ ಹಗುರವಾಗಿ ತಾಟಿನ ನಡುವೆ ಇಟ್ಟರು.

"ಏನು ವೈನಿ ಅದು?"

"ಹೋಳಿಗಿ."

"ಈ... ಈಗಲೇ? ಸಾರಿನ್ನೂ ಬಂದಿಲ್ಲವಲ್ಲ!"

"ಅಯ್ಯ, ಇದೇನ್ ಕೇಳ್ತೀರಿ! ಹೋಳಿಗಿ ಇಲ್ಲದ ಸಾರೆಲ್ಲಿಂದ ಬರ್ತದ? ಕಡ್ಲಿಬ್ಯಾಳಿ ಕುದಿಸಿ ಬಸದ ಕಟ್ಟಿಂದಲ್ಲೇನು ಕಟ್ಟಿನಸಾರು ಮಾಡೂದು? ನಮ್ಮ ಮನ್ಯಾಗ ಮೊದಲ ಹೋಳಿಗಿ ತಿಂದು, ಆಮ್ಯಾಲೆ ಅದರ ಸಾರು ಅನ್ನ."

ತಾಟಿನ ಮುಂದೆ ಕೂತಲ್ಲೇ ನನಗೆ ಮಾಸ್ತರರ ಆ ಕಾರ್ಡುಗಳು ಕಣ್ಣಿಗೆ ಕಟ್ಟಿದವು. ಸಾರಿನ ಮ್ಯಾಕ್ರೋದ ಒಳಗೆ ಮೂರು ಸಲ ಹೋಳಿಗೆಯ ಹೆಸರಿತ್ತು. ಹೋಳಿಗೆಯಿಂದ ಬಸಿದದ್ದನ್ನೇ ಅದು ಸಾರು ಮಾಡುತ್ತಿತ್ತು. ನಮ್ಮ ಮನೆಯಲ್ಲೂ ಒಬ್ಬಟ್ಟಿನ ಸಾರು ಮಾಡುವುದು ಹಾಗೆಯೇ, ಬಡಿಸುವುದು ಮಾತ್ರ ಹಿಂದುಮುಂದು. ಮಾಸ್ತರರಿಗೆ ಮಾಡುವುದಕ್ಕೂ ಬಡಿಸುವುದಕ್ಕೂ ಅಂತರವಿರಲಿಲ್ಲ.

ಮತ್ತೆ ತುಪ್ಪ ಬಂತು, ಹೋಳಿಗೆಯ ಮೇಲೆ. "ತುಪ್ಪ ಆಗಲೇ ಬಂತಲ್ಲ ವೈನಿ," ಎಂದೆ. "ಬಂದ್ರ ಬರಲಿ, ಗಿಂಡಿ ಒಂದ. ಎಷ್ಟ ಸಲ ಬೇಕಾದ್ರೂ ಬರ್ತದ," ಎಂದರು. ಪೆಟ್ಟಿಗೆಯಲ್ಲೂ ತುಪ್ಪದ ಕಟ್ಟು ಒಂದೇ, ಕರೆದಾಗಲೆಲ್ಲ ಬರುತ್ತಿತ್ತು. ಆಮೇಲೆ ಎರಡನೆಯ ಅನ್ನ, ಸಾರು, ಹುಳಿ. ಕೊನೆಗೆ ಮೂರನೆಯ ಅನ್ನ, ಮಜ್ಜಿಗೆ. ತಾಟಿನ ತುಂಬ ಕಾರ್ಡುಗಳು. ಕ್ರಮ ಕೆಡದಂತೆ ಅವುಗಳನ್ನು ಒಂದರ ಮೇಲೊಂದಿಟ್ಟು, ತಲೆಯಿಂದ ತೆಗೆದ ಹೇರ್‌ಪಿನ್ ಸಿಕ್ಕಿಸಿಕೊಂಡೆ.

ಏಳಲು ಹೋದರೆ ವೈನಿ ಭುಜ ಹಿಡಿದು ಕೂರಿಸಿದರು. "ಎಲ್ಲಿಗೆ? ಖಾಲಿ ತಾಟಿನ ಊಟ ಮಾಡಿಸಿ ಕಳಿಸಿದೆ ಅಂದ್ರ ನಮ್ಮವ್ರು ನನ್ನ ಮನೀ ಬಿಡಸ್ತಾರ." ಅದೇ ತಾಟಿಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಬಿತ್ತು. ಯಾವುದಾದ ಮೇಲೆ ಯಾವುದು ಎಂದು ಈ ಸಲವೂ ನಾನು ನೋಡಲಿಲ್ಲ.

ಸೋಮವಾರ ಆಫೀಸಿನವರೆಲ್ಲ ಡಬ್ಬಾ ತೆರೆಯಲು ಹೋದ ಮೇಲೆ ಚಳಿಯ ಹಾಲಿನಲ್ಲಿ ನಾವು ಮೂವರೇ ಉಳಿದೆವು. ಡೂಪ್ಲಿಕೇಟ್ ಅನ್ನಗಳನ್ನು ಸಾಹೇಬರು ತಾವೇ ಡ್ರಾಯರಿನಿಂದ ತಂದು, ಹಾಲಿನ ಪಾತ್ರೆ ಕೊಡುವವರಂತೆ ಎರಡೂ ಕೈಯಲ್ಲಿ ಕೊಟ್ಟರು. ಮೂರರಲ್ಲಿ ಯಾವುದು ಯಾವಾಗಿನದು? ಎಲೆಯ ಕ್ರಮ ಗೊತ್ತಾದ ಮೇಲೆ ಅದಕ್ಕೂ ಒಂದು ಗುರುತು ಸಿಕ್ಕಿತು. ಸಾರಿನ ಅನ್ನದ ಕಟ್ಟಿನೊಳಗೆ ಹೋಳಿಗೆಯ ಹೆಸರಿತ್ತು, ಮಜ್ಜಿಗೆಯ ಅನ್ನದೊಳಗೆ ಹುಳಿಯ ಹೆಸರಿತ್ತು. ಯಾವುದರ ಹೆಸರೂ ಇಲ್ಲದ್ದು ಮೊದಲನೆಯದು.

ಉಡುಪಿಯವರು ಗುಂಡಿ ಒತ್ತಿದರು. ಉಪ್ಪು ಹೋಯಿತು, ಹಪ್ಪಳ ಹೋಯಿತು, ತೊವ್ವೆ ಹೋಯಿತು. ಸಾರಿನ ಕಾರ್ಡುಗಳು ಸರಿಯುವಾಗ ನಾವೆಲ್ಲ ಪ್ರಿಂಟರನ್ನೇ ನೋಡುತ್ತಿದ್ದೆವು. ಅದು ಮಾತಾಡಲಿಲ್ಲ. ಮಜ್ಜಿಗೆಯೂ ಹೋಯಿತು.

"ಬೈಲಿಲ್ಲ," ಎಂದರು ಉಡುಪಿಯವರು ಮೆಲ್ಲಗೆ.

"ಬೈಯದೇ ಇದ್ದದ್ದೇ ಹೆದರಿಕೆ," ಎಂದೆ ನಾನು. ತಪ್ಪು ಅನ್ನ ಉಂಡಿದ್ದರೂ ಅದು ಹೀಗೆಯೇ ಸುಮ್ಮನಿರುತ್ತಿತ್ತು. ಗೊತ್ತಾಗಬೇಕಾದರೆ ಹೊಸ ಟೇಪು ತಿರುಗಬೇಕು.

ಹೊಸ ಮಾನಿಟರನ್ನು ಯಂತ್ರಕ್ಕೆ ಏರಿಸಿ, ಟೇಪಿಗೆ ಕೆಲಸ ಕೊಟ್ಟೆವು. ಟೇಪು ಒಮ್ಮೆ ಜರ್ರನೆ ಮುಂದೆ ಓಡಿತು. ಹಿಂದೆ ಬಂತು. ಮತ್ತೆ ಮುಂದೆ ಹೋಗಿ, ನಿಂತಿತು. ಸಾಹೇಬರು ಟೇಪಿನತ್ತ ಬಗ್ಗಿ, "ರುಕ್ ಗಯಾ?" ಎಂದರು. ಪ್ರಿಂಟರಿನ ಕಾಗದ ನೋಡಿದೆ. ಬರೆದದ್ದು, ಓದಿದ್ದು ಎರಡೂ ತಾಳೆಯಾಗಿದ್ದವು. ನಿಲ್ಲಬೇಕಾದಲ್ಲೇ ನಿಂತಿತ್ತು.

"ಊಟ ಆಯ್ತು ಮಾರಾಯ್ರೆ, ಇನ್ನು ಕೈ ತೊಳ್ಕೊಳ್ಳುವುದು," ಎಂದು ಉಡುಪಿಯವರು ಕುಣಿಯುವುದೊಂದು ಬಾಕಿ. ಸಾಹೇಬರು ಶುಕ್ರವಾರದಿಂದ ಉಳಿದಿದ್ದ ಚಹಾಗಳನ್ನೆಲ್ಲ ಅಂದೇ ಕುಡಿದರು.

ಮಂಗಳವಾರ ಬೆಳಿಗ್ಗೆ ಮಾಸ್ತರರು ಟ್ರಂಕು ಹೊತ್ತ ಕೂಲಿಯ ಸಮೇತ ಆಫೀಸಿನ ಮೆಟ್ಟಿಲ ಮೇಲೆ ಪ್ರತ್ಯಕ್ಷರಾದರು. ಕೈಯಲ್ಲಿ ಕರದಂಟಿನ ಪೊಟ್ಟಣ. ತಮ್ಮನ ಸಂಬಂಧ ಕುದುರಿತ್ತು. ದೆಹಲಿಯವರು ಬಂದು ನಿಂತು, ಟೇಪು ತಿರುಗುವುದನ್ನು ನೋಡಿ, ಪರದೇಶಿ ಮಾನಿಟರಿನ ಬೆಲೆಯನ್ನೂ ಇದರ ಬೆಲೆಯನ್ನೂ ಕೇಳಿ, ಇದಕ್ಕೆ ಬೆಲೆಯೇ ಇಲ್ಲವೆಂದು ತಿಳಿದು ತೃಪ್ತರಾಗಿ, ಇದೇ ನಡೆಯಲಿ ಎಂದು ಹೇಳಿ ಹೋದರು. ಪಂಚ್ ರೂಮಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅವರು ಹೋದ ಮೇಲೆ ಸಾಹೇಬರು ಮಾಸ್ತರರ ಎದುರು ಕೂತು ಎಲ್ಲವನ್ನೂ ತಾವೇ ಹೇಳಿದರು. ಮಾಸ್ತರರು ಪೆಟ್ಟಿಗೆ ಎಳೆದುಕೊಂಡು, ಒಂದೊಂದೇ ಕಟ್ಟನ್ನು ಬೆರಳಿನಿಂದ ಸರಿಸಿ ನೋಡಿದರು. ಎಣ್ಣೆ ಹಚ್ಚಿದ ತಗಡನ್ನು ಮುಟ್ಟಿ ನೋಡಿಕೊಂಡರು.

"ಹೋಳಿಗಿ ಎಲ್ಲಿಟ್ಟಿ ತಂಗಿ?"

"ವೈನಿ ಇಟ್ಟಲ್ಲಿ."

"ಅಕಿ ಎಲ್ಲಿಟ್ಟಳು?"

"ತೊವ್ವೆ-ತುಪ್ಪ ಆದ ಮೇಲೆ, ಸಾರಿಗಿಂತ ಮೊದಲು."

"ಹಂಗಾರ ಸರಿ," ಎಂದು ಮುಚ್ಚಳ ಹಾಕಿದರು. ಖಾಲಿ ಕೈಯಲ್ಲಿ ಬಡಿಸಿದ್ದನ್ನು ನಾನು ಅಭಿನಯಿಸಿ ತೋರಿಸಿದಾಗ ಮಾತ್ರ ತಡೆಯಲಾರದೆ ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡರು. ಹಾಲಿನ ಚಳಿಗೆ ಕನ್ನಡಕ ಮಂಜಾಗುವುದು ಅಲ್ಲಿ ಮಾಮೂಲು.

ಆದರೂ ಪೆಟ್ಟಿಗೆಯನ್ನು ಹಾಗೆಯೇ ಬಿಡುವಂತಿರಲಿಲ್ಲ. ಮುಂದಿನ ಸಲ ಮಾಸ್ತರರು ಊರಿಗೆ ಹೋದಾಗ ವೈನಿಯೂ ಹೋಗಿಬಿಟ್ಟರೆ? ಸಾಹೇಬರು ಬೇಡಿಕೊಳ್ಳುವ ದನಿಯಲ್ಲಿ, "ಮಾಸ್ಟರ್‌ಜಿ, ನಂಬರ್ ತೋ ಡಾಲನಾ ಪಡೇಗಾ," ಎಂದರು. ಮಾಸ್ತರರು ಒಪ್ಪಿದರು. ಮುಂದಿನ ಕೆಲವು ವಾರ ಪ್ರತಿದಿನ ಊಟವಾದ ಮೇಲೆ ಅವರೂ ನಾನೂ ಕೂತು ಹೆಡರನ್ನು ಒಪ್ಪ ಮಾಡಿದೆವು. ಈ ಸಲ ಒಳಗಿನಿಂದ. ಪ್ರತಿ ಕಟ್ಟಿನ ತಲೆಗೆ, ಇದಕ್ಕೆ ಮೊದಲು ಯಾವುದಿರಬೇಕು ಎಂದು ಹೇಳುವ ಒಂದು ಕಾರ್ಡು. ಚಟ್ನಿಯ ಕಟ್ಟಿನಲ್ಲಿ ಯಾರೂ ಬಳಸದ ಒಂದಷ್ಟು ಕಾರ್ಡುಗಳನ್ನು ತೆಗೆದೆವು. ನಂಬರುಗಳನ್ನು ನಡುನಡುವೆ ಜಾಗ ಬಿಟ್ಟು ಹಾಕಿದೆವು, ಹೊಸ ಕಾರ್ಡು ತೂರಿಸಲು ಅನುಕೂಲವಾಗುವಂತೆ. ಎಲ್ಲಕ್ಕಿಂತ ಮುಂದಿನ ಕಾರ್ಡಿನಲ್ಲಿ, ಈ ಪೆಟ್ಟಿಗೆಯನ್ನು ಧಾರವಾಡದ ಎಲೆಯ ಕ್ರಮದಲ್ಲೇ ಇಡತಕ್ಕದ್ದು ಎಂದು ಸಾಹೇಬರೇ ಇಂಗ್ಲಿಷಿನಲ್ಲಿ ಬರೆಸಿದರು. ಅಜ್ಜಿಗೆ ಸಮಾಧಾನವಾಗಲೆಂದು, ಏನೂ ಮಾಡದ ಒಂದು ಪಾಯಸದ ಕಾರ್ಡನ್ನು ಅದರ ಹಿಂದೆ ನಾನು ಸೇರಿಸಿದೆ. ಮಾಸ್ತರರು ನೋಡಿಯೂ ನೋಡದಂತಿದ್ದರು.

ತಕರಾರು ಬಂದದ್ದು ಅನ್ನದ ಹತ್ತಿರ. ಮೂರಕ್ಕೂ ಒಂದೇ ಹೆಸರಿದ್ದರೆ ನಾಳೆ ಇನ್ಯಾರೋ ಬಂದು ಮತ್ತೆ ಡೂಪ್ಲಿಕೇಟ್ ಎಂದು ತೆಗೆದಾರು. ಅನ್ನ ಒಂದು, ಅನ್ನ ಎರಡು, ಅನ್ನ ಮೂರು ಎಂದು ಮಾಡೋಣ ಎಂದೆ ನಾನು. ಮಾಸ್ತರರು ಆ ಮೂರು ಕಟ್ಟುಗಳನ್ನು ಕೈಗೆತ್ತಿಕೊಂಡು, ಒಂದೊಂದರ ರಬ್ಬರ್ ಬ್ಯಾಂಡನ್ನೂ ಸರಿಪಡಿಸಿದರು. ಬೇಡ ಎನ್ನುತ್ತಾರೇನೋ ಎಂದುಕೊಂಡೆ.

"ಹಾಕು ತಂಗಿ," ಎಂದರು ಕೊನೆಗೆ, ಕಟ್ಟುಗಳನ್ನು ನನ್ನ ಕಡೆ ಸರಿಸುತ್ತ. "ಖಾನಾವಳಿಯೊಳಗೂ ಅನ್ನ ಎಣಿಸೇ ಹಾಕ್ತಿದ್ರು."